ರಿಪೋರ್ಟ್ ನೆಗೆಟಿವ್ ಇದೆ, ಆದರೆ ಆಕೆ ಚೆನ್ನಾಗಿಲ್ಲ. ನಾನು ಏನು ಮಾಡಬಹುದು?

ಹೇಮಾವತಿ_ದಡ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆ ಕೇಂದ್ರದಲ್ಲಿ, ಕೌನ್ಸೆಲರ್. ಎಚ್‌ಐವಿ ಪರೀಕ್ಷೆಗೆ ಬಂದವರ ಜೊತೆ ಮೊದಲು ಕೂತು ಮಾತಾಡುವುದು, ರಿಪೋರ್ಟ್ ಬಂದ ಮೇಲೆ ಮತ್ತೆ ಕೂರಿಸಿ ಹೇಳುವುದು ನನ್ನ ಕೆಲಸ. ಎಂಎಸ್‌ಡಬ್ಲ್ಯೂ ಮುಗಿಸಿ ಸೇರಿದ್ದೇನೆ, ಅನುಭವ ಕಡಿಮೆ.

ಲೈಂಗಿಕ ಕೆಲಸ ಮಾಡುವ ಹೆಂಗಸರು ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುತ್ತಾರೆ. ಎಚ್‌ಐವಿ ತಡೆಯುವ ಪ್ರಾಜೆಕ್ಟಿನ ಅಕ್ಕಂದಿರು ಕರೆದುಕೊಂಡು ಬರುತ್ತಾರೆ. ರಕ್ತ ಕೊಡುತ್ತಾರೆ, ಕಾಂಡೋಮ್ ತಗೊಳ್ಳುತ್ತಾರೆ, ಹೋಗುತ್ತಾರೆ. ಅವರಲ್ಲಿ ಒಬ್ಬರ ಬಗ್ಗೆ ಕೇಳಬೇಕಿತ್ತು. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.

ವಯಸ್ಸು ನಲವತ್ತರ ಹತ್ತಿರ. ಗಂಡ ಬಿಟ್ಟುಹೋಗಿದ್ದಾನೆ. ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಮನೆಯವರು ಇವರು ಗಾರ್ಮೆಂಟ್ಸಿಗೆ ಹೋಗುತ್ತಾರೆ ಅಂತ ತಿಳಿದಿದ್ದಾರೆ. ಈ ಸಲವೂ ರಿಪೋರ್ಟ್ ನೆಗೆಟಿವ್. ಸಿಫಿಲಿಸ್ ಕೂಡ ಇಲ್ಲ. ನಾನು ಖುಷಿಯಿಂದ ಹೇಳಿದೆ. ಆಕೆ "ಸರಿ ಮೇಡಂ" ಅಂದು ಎದ್ದರು. ಏಳುವಾಗ ಮೇಜು ಹಿಡಿದುಕೊಂಡರು. ಪಕ್ಕದ ಸಿಸ್ಟರ್‌ಗೆ ಹೇಳಿ ಬಿಪಿ ನೋಡಿಸಿದೆ. 170/100 ಇತ್ತು.

ಆಮೇಲೆ ಒಂದೊಂದಾಗಿ ಹೊರಬಂತು. ರಾತ್ರಿ ನಿದ್ದೆ ಇಲ್ಲ. ಸೊಂಟ ನೋವು, ಅದಕ್ಕೆ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ, ದಿನಾ. ಒಂದು ಕ್ವಾರ್ಟರ್ ಕುಡಿದರೆ ಮಾತ್ರ ಕಣ್ಣು ಮುಚ್ಚುತ್ತದೆ. ನಾನು ನಮ್ಮ ಆಸ್ಪತ್ರೆಯದೇ ಎನ್‌ಸಿಡಿ ಕ್ಲಿನಿಕ್ಕಿಗೆ ಚೀಟಿ ಬರೆದುಕೊಟ್ಟೆ. ಅಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ. ಆಕೆ ಹೋಗಲಿಲ್ಲ. ಮುಂದಿನ ಸಲ ಸಿಕ್ಕಾಗ ಕೇಳಿದೆ. "ಆ ಕ್ಯೂನಲ್ಲಿ ನಮ್ಮ ಬೀದಿಯವರು ಇರ್ತಾರೆ ಮೇಡಂ. ಚೀಟಿ ಮೇಲೆ ನಿಮ್ಮ ರೂಮಿನ ಸೀಲ್ ಇದೆ" ಅಂದರು.

ನನ್ನ ಫಾರಂನಲ್ಲಿ ಎಚ್‌ಐವಿಗೆ ಕಾಲಂ ಇದೆ, ಸಿಫಿಲಿಸ್‌ಗೆ ಇದೆ, ಕಾಂಡೋಮ್ ಎಷ್ಟು ಕೊಟ್ಟೆವು ಅನ್ನುವುದಕ್ಕೆ ಇದೆ. ನಿದ್ದೆಗೆ ಇಲ್ಲ, ಬಿಪಿಗೆ ಇಲ್ಲ, ಕುಡಿತಕ್ಕೆ ಇಲ್ಲ. ನನ್ನ ಕುರ್ಚಿಯಲ್ಲಿ ಕೂತು ಇಂಥವರಿಗೆ ನಿಜವಾಗಿ ಏನು ಮಾಡಬಹುದು? ಈ ಕೆಲಸ ಹತ್ತಿರದಿಂದ ಗೊತ್ತಿರುವವರು ದಯವಿಟ್ಟು ಹೇಳಿ.

---

ಕಡೂರು_ಮೇಷ್ಟ್ರು ಉತ್ತರ:

ನಿಮ್ಮ ಕಾಳಜಿ ನೋಡಿ ಸಂತೋಷವಾಯಿತು. ನನಗೆ ಅನ್ನಿಸುವುದು ಇಷ್ಟು. ಈ ಕೆಲಸ ಇರುವ ತನಕ ಬಿಪಿಯೂ ಇರುತ್ತದೆ, ನಿದ್ದೆಯೂ ಬರಲ್ಲ. ಮೊದಲು ಆಕೆಯನ್ನು ಅಲ್ಲಿಂದ ಬಿಡಿಸಬೇಕು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಚೇತನ ಅನ್ನುವ ಯೋಜನೆ ಇದೆ. ದಮನಿತ ಮಹಿಳೆಯರಿಗೆ, ಅಂದರೆ ಲೈಂಗಿಕ ಕೆಲಸ ಮಾಡುವವರಿಗೆ, ಸ್ವಂತ ದುಡಿಮೆ ಶುರು ಮಾಡಲು 30,000 ರೂಪಾಯಿ ಕೊಡುತ್ತಾರೆ. ಅದರಲ್ಲಿ ಹೊಲಿಗೆ ಮಷಿನ್ ತಗೊಳ್ಳಬಹುದು, ಇಲ್ಲ ಹೂವಿನ ವ್ಯಾಪಾರ ಮಾಡಬಹುದು. ಆ ದಾರಿ ತೋರಿಸಿ ಅಂತ ನನ್ನ ಸಲಹೆ.

---

ದೊಡ್ಡಗಡಿಯಾರ_ಮೈಸೂರು ಉತ್ತರ:

ತಂಗಿ, ನಿನ್ನ ಪ್ರಶ್ನೆ ನನ್ನ ಮಗಳು ಓದಿ ಹೇಳಿದಳು. ಉತ್ತರ ನಾನು ಹೇಳುತ್ತಿದ್ದೇನೆ, ಅವಳು ಟೈಪ್ ಮಾಡುತ್ತಿದ್ದಾಳೆ. ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ನಾನು ಮೈಸೂರಿನಲ್ಲಿ ದಂಧೆ ಮಾಡಿದವಳು. ಬಸ್ ಸ್ಟ್ಯಾಂಡು, ದೊಡ್ಡ ಗಡಿಯಾರ, ಮಾರ್ಕೆಟ್ಟಿನ ಸುತ್ತಲಿನ ಲಾಡ್ಜುಗಳು, ಎಲ್ಲ ಗೊತ್ತು. 2004ರ ಹೊತ್ತಿಗೆ ಇಲ್ಲಿ ಎಚ್‌ಐವಿ ತಡೆಯುವ ಪ್ರಾಜೆಕ್ಟ್ ಶುರುವಾಯಿತು. ಗೇಟ್ಸ್ ಫೌಂಡೇಶನ್ ದುಡ್ಡು, ಆವಾಹನ್ ಅಂತ ಹೆಸರು. ಅದರಿಂದಲೇ ನಮ್ಮ ಹೆಂಗಸರು, ಗಂಡಸರು, ಮಂಗಳಮುಖಿಯರು ಸೇರಿ ಆಶೋದಯ ಸಮಿತಿ ಕಟ್ಟಿದ್ದು. ನಾನು ಆ ಕಾಲದಲ್ಲಿ ಪೀರ್ ಆದೆ. ಪೀರ್ ಅಂದರೆ ನಮ್ಮಲ್ಲೇ ಒಬ್ಬಳು, ಫೀಲ್ಡಿಗೆ ಹೋಗಿ ಮಿಕ್ಕವರನ್ನು ಮಾತಾಡಿಸುವವಳು.

ನೀನು ಆ ಹೆಂಗಸಿಗೆ ಬಿಪಿ ನೋಡಿಸಿದೆಯಲ್ಲ, ಅದು ದೊಡ್ಡ ಕೆಲಸ. ನಮ್ಮನ್ನು ನೋಡಿದ ಡಾಕ್ಟರುಗಳು ಸೊಂಟದ ಕೆಳಗೇ ನೋಡಿದರು. ತಲೆ ಸುತ್ತುತ್ತದೆ ಅಂದರೆ "ಬಿಳಿ ಸೆರಗು ಹೋಗುತ್ತಾ" ಅಂತ ಕೇಳುತ್ತಿದ್ದರು. ಎದೆ ಉರಿ ಅಂದರೂ ಅದೇ ಪ್ರಶ್ನೆ. ನನ್ನ ಜೊತೆ ಫೀಲ್ಡಿನಲ್ಲಿದ್ದ ಒಬ್ಬಳು ಎಂಟು ವರ್ಷ ಪ್ರತಿ ಪರೀಕ್ಷೆಯಲ್ಲೂ ನೆಗೆಟಿವ್ ಬಂದಳು. ಸ್ಟ್ರೋಕ್ ಆಗಿ ಹೋದಳು. ಅವಳ ಬಿಪಿಯನ್ನು ಯಾರೂ ಒಂದು ಸಲವೂ ನೋಡಿರಲಿಲ್ಲ. ಪ್ರಾಜೆಕ್ಟಿನ ಲೆಕ್ಕದಲ್ಲಿ ಅವಳು ಕೊನೆಯ ತನಕ ಆರೋಗ್ಯವಂತಳು.

ಈಗ ನಿದ್ದೆ ವಿಷಯ. ನಿನ್ನ ಪ್ರಶ್ನೆಯ ಬೇರು ಅಲ್ಲೇ ಇದೆ.

ನಮ್ಮ ಡಿಐಸಿ, ಅಂದರೆ ನಮ್ಮವರು ಬಂದು ಕೂರುವ ಪ್ರಾಜೆಕ್ಟಿನ ಕೇಂದ್ರ, ಶುರುವಾದಾಗ ಹೆಂಗಸರು ಕಾಂಡೋಮಿಗೆ ಅಂತ ಬರಲಿಲ್ಲ. ಚಾಪೆಗೆ ಬಂದರು. ಒಂದು ರೂಮು, ನಾಲ್ಕು ಚಾಪೆ, ಬಾಗಿಲಿಗೆ ಒಳಗಿನಿಂದ ಚಿಲಕ, ಬಚ್ಚಲಲ್ಲಿ ನೀರು, ಕನ್ನಡಿ, ಬ್ಯಾಗ್ ಇಡಲು ಬೀಗದ ಬೀರು. ಮಧ್ಯಾಹ್ನ ಬಂದು ಒಂದು ಗಂಟೆ ಸತ್ತವರ ಹಾಗೆ ಮಲಗುತ್ತಿದ್ದರು. ಯಾಕೆ ಗೊತ್ತಾ? ಲಾಡ್ಜಿನಲ್ಲಿ ಕಣ್ಣು ಮುಚ್ಚಲು ಆಗಲ್ಲ. ಗಿರಾಕಿ ದುಡ್ಡು ತಗೊಂಡು ಹೋಗಬಹುದು. ಪೊಲೀಸ್ ಬರಬಹುದು. ಒಬ್ಬ ಅಂತ ಹೇಳಿ ಮೂವರು ಬರಬಹುದು. ಮನೆಗೆ ಹೋದರೆ ಅಲ್ಲೂ ಎಚ್ಚರ. ಫೋನ್ ಬಂದರೆ ಮಗ ಎತ್ತುತ್ತಾನಾ, ಬ್ಯಾಗಿನಲ್ಲಿರುವುದು ಮಗಳ ಕಣ್ಣಿಗೆ ಬೀಳುತ್ತಾ. ಹಗಲೂ ರಾತ್ರಿ ಕಾವಲು ಕಾಯುವ ಮೈ ಅದು. ಅದಕ್ಕೆ ಬಿಪಿ ಬರದೆ ಇನ್ನೇನು ಬರುತ್ತದೆ?

ನಾನು ಪೀರ್ ಆಗಿ ಕಲಿತದ್ದನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಮೊದಲು ಆಕೆ ಹೆದರಿಕೆ ಇಲ್ಲದೆ ಕೂರುವ ಒಂದು ಜಾಗ ಬೇಕು. ಮಾತ್ರೆ, ಸಲಹೆ, ಯೋಜನೆ ಎಲ್ಲ ಅದರ ಹಿಂದೆ ಬರುತ್ತವೆ. ನಿಮ್ಮ ಕಡೆ ಪ್ರಾಜೆಕ್ಟಿನ ಡಿಐಸಿ ಇದ್ದರೆ ಹೋಗಿ ನೋಡು. ಚಾಪೆ ಇದೆಯಾ, ಅಥವಾ ಬರೀ ಮೇಜು, ಕುರ್ಚಿ, ರಿಜಿಸ್ಟರ್ ಇದೆಯಾ? ಈಚೆಗೆ ಎಷ್ಟೋ ಕಡೆ ಅವು ಆಫೀಸಿನ ಹಾಗೆ ಆಗಿಬಿಟ್ಟಿವೆ. ಅದು ನನಗೆ ತುಂಬ ನೋವಿನ ವಿಷಯ.

ಇನ್ನೊಂದು ಬದಲಾವಣೆ ಮೊಬೈಲಿನಿಂದ ಬಂತು. ಮೊದಲು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಐದಾರು ಜನ ಒಟ್ಟಿಗೆ ಕೂರುತ್ತಿದ್ದೆವು. ಜಗಳ ಆಡುತ್ತಿದ್ದೆವು, ಪುರಿ ಹಂಚಿಕೊಂಡು ತಿನ್ನುತ್ತಿದ್ದೆವು. ಒಬ್ಬಳು ಗಿರಾಕಿಯ ಜೊತೆ ಹೋದರೆ ಯಾವ ಕಡೆ ಹೋದಳು ಅಂತ ಇನ್ನೊಬ್ಬಳಿಗೆ ಗೊತ್ತಿರುತ್ತಿತ್ತು. ಈಗ ಎಲ್ಲ ಫೋನಿನಲ್ಲಿ. ಪೊಲೀಸ್ ಕಾಟ ಸ್ವಲ್ಪ ಕಮ್ಮಿ ಆಯಿತು, ನಿಜ. ಆದರೆ ಹೆಂಗಸು ಒಂಟಿಯಾದಳು. ಏನಾದರೂ ಆದರೆ ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಪೀರ್‌ಗಳಿಗೂ ಅವರು ಸಿಗುತ್ತಿಲ್ಲ. ನಿನ್ನ ರೂಮಿಗೆ ಆರು ತಿಂಗಳಿಗೊಮ್ಮೆ ಬರುವ ಹೆಂಗಸು ಮನಸ್ಸು ಬಿಚ್ಚಿ ಮಾತಾಡುವ ಜಾಗ ಅದೊಂದೇ ಇರಬಹುದು.

ಮಾಡಬಹುದಾದ್ದು ಹೇಳುತ್ತೇನೆ. ಆ ಚೀಟಿ ಬಿಡು. ಸೀಲ್ ಇರುವ ಕಾಗದ ಕೊಟ್ಟು ಕಳಿಸಬೇಡ. ಹೊರಗಿನ ಕೌಂಟರಿನಲ್ಲಿ ಎಲ್ಲರ ಹಾಗೆ ಒಪಿಡಿ ಚೀಟಿ ಮಾಡಿಸು. ಮೊದಲ ಸಲ ನೀನೇ ಜೊತೆಗೆ ಹೋಗು, ಐದು ನಿಮಿಷದ ಕೆಲಸ. ಬಿಪಿ ನೋಡುವ ಸಿಸ್ಟರ್‌ಗೆ "ನಮ್ಮ ಪರಿಚಯದವರು" ಅನ್ನು, ಅಷ್ಟು ಸಾಕು. ಬೇರೆ ಏನೂ ಹೇಳಬೇಡ.

ಹೊತ್ತು ನೋಡಿಕೋ. ನಿಮ್ಮ ಒಪಿಡಿ ಬೆಳಿಗ್ಗೆ. ಆ ಹೊತ್ತಿಗೆ ನಮ್ಮವರು ಮಕ್ಕಳನ್ನು ಸ್ಕೂಲಿಗೆ ಕಳಿಸಿ ಬಸ್ ಹತ್ತಿರುತ್ತಾರೆ. ದುಡಿಯುವುದು ಹನ್ನೊಂದರಿಂದ ನಾಲ್ಕು, ಮಕ್ಕಳು ವಾಪಸ್ ಬರುವುದರ ಒಳಗೆ. ರಾತ್ರಿ ದುಡಿಯುವವರು ಬೆಳಿಗ್ಗೆ ಎದ್ದಿರುವುದೇ ಇಲ್ಲ. ವಾರಕ್ಕೆ ಒಂದು ದಿನ ಮಧ್ಯಾಹ್ನ ನೋಡುತ್ತಾರಾ ಅಂತ ಡಾಕ್ಟರನ್ನು ಕೇಳು.

ನೋವಿನ ಮಾತ್ರೆ ದಿನಾ ನುಂಗಿದರೆ ಬಿಪಿ ಏರುತ್ತದೆ, ಕಿಡ್ನಿಗೂ ಕೆಟ್ಟದು. ಇದನ್ನು ಯಾರೂ ಆಕೆಗೆ ಹೇಳಿರುವುದಿಲ್ಲ. ಸೊಂಟ ನೋವು ಯಾಕೆ ಅಂತಲೂ ನೋಡಿಸು. ನಮ್ಮವರಲ್ಲಿ ಬಹಳ ಜನಕ್ಕೆ ಚಿಕ್ಕ ವಯಸ್ಸಿಗೇ ಮಕ್ಕಳಾಗದ ಹಾಗೆ ಆಪರೇಷನ್ ಆಗಿರುತ್ತದೆ, ಆಮೇಲೆ ಒಳಗಿನ ಪರೀಕ್ಷೆ ಮಾಡಿಸಿಕೊಂಡವರು ಕಮ್ಮಿ. ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ನಮ್ಮವರಿಗೆ ಅದು ಇನ್ನೂ ಜಾಸ್ತಿ ಬೇಕು. ಅದನ್ನು ಮರೆಯಬೇಡ.

ಕುಡಿತದ ಬಗ್ಗೆ ಬೈಯಬೇಡ. ಕುಡಿಯದೆ ಕೆಲವು ಗಿರಾಕಿಗಳ ಹತ್ತಿರ ಹೋಗಲು ಆಗಲ್ಲ, ಇದು ನಾನು ಅನುಭವಿಸಿ ಹೇಳುವುದು. ಆದರೆ ದಿನಾ ಕುಡಿಯುವವರಿಗೆ "ನಾಳೆಯಿಂದ ನಿಲ್ಲಿಸು" ಅಂತಲೂ ಹೇಳಬೇಡ. ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಡಾಕ್ಟರ್ ಹೇಳಿದ ಹಾಗೆ ಬಿಡಿಸಬೇಕು. ನಿದ್ದೆ ಮಾತ್ರೆ ಕೊಡಿಸುವುದಾದರೆ ಕುಡಿಯುವ ವಿಷಯ ಡಾಕ್ಟರಿಗೆ ಗೊತ್ತಿರಲೇಬೇಕು. ಎರಡೂ ಸೇರಿದರೆ ಜೀವಕ್ಕೆ ಅಪಾಯ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಮನಸ್ಸಿನ ಡಾಕ್ಟರ್ ಬರುತ್ತಾರೆ. ಅಲ್ಲಿಗೆ ಹೋಗಲು ನಾಚಿಕೆಯಾದರೆ 14416ಕ್ಕೆ ಫೋನ್ ಮಾಡಿಸು. ಟೆಲಿ ಮಾನಸ್ ಅಂತ. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ.

ಸಾಲ ಇದೆಯಾ ಅಂತ ಕೇಳು. ಇದನ್ನು ಯಾವ ಕೌನ್ಸೆಲರೂ ಕೇಳಲ್ಲ. ಕಾಂಡೋಮ್ ಬೇಡ, ಇನ್ನೂರು ಜಾಸ್ತಿ ಕೊಡುತ್ತೇನೆ ಅನ್ನುವ ಗಿರಾಕಿ ಇರುತ್ತಾನೆ. ಬೇರೆ ದಿನ ಅವನಿಗೆ ಆಗಲ್ಲ ಅಂದು ಎದ್ದು ಬಂದವಳು ಸಂಘದ ಕಂತಿನ ಹಿಂದಿನ ದಿನ ಹೂಂ ಅನ್ನುತ್ತಾಳೆ. ಅವಳಿಗೆ ತಿಳಿವಳಿಕೆ ಕಮ್ಮಿ ಅಂತ ಅಲ್ಲ. ನಾಳೆ ಬೆಳಿಗ್ಗೆ ಮನೆ ಮುಂದೆ ಏಜೆಂಟ್ ನಿಂತು ಕೂಗುತ್ತಾನೆ. ಕೋಲ್ಕತ್ತದ ಸೋನಾಗಾಚಿಯಲ್ಲಿ ಹೆಂಗಸರು 1995ರಲ್ಲೇ ಉಷಾ ಅಂತ ತಮ್ಮದೇ ಸಹಕಾರಿ ಬ್ಯಾಂಕ್ ಮಾಡಿಕೊಂಡರು. ತಮ್ಮ ದುಡ್ಡು ತಾವೇ ಕೂಡಿಟ್ಟು ತಾವೇ ಸಾಲ ತಗೊಳ್ಳುತ್ತಾರೆ. ಕಾಂಡೋಮಿನ ಬಗ್ಗೆ ನೂರು ಸಲ ಪಾಠ ಮಾಡುವುದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ನಂಬಿಕೆ.

ಮೇಷ್ಟ್ರೇ, ನಿಮ್ಮ ಮನಸ್ಸು ಒಳ್ಳೆಯದು. ಬಿಡಬೇಕು ಅನ್ನುವವಳಿಗೆ ದಾರಿ ಇರಲೇಬೇಕು. ಚೇತನ ದುಡ್ಡಿನಲ್ಲಿ ಹಸು ತಗೊಂಡು ಚೆನ್ನಾಗಿರುವವರನ್ನು ನಾನು ನೋಡಿದ್ದೇನೆ. ಆದರೆ ಮೂವತ್ತು ಸಾವಿರದಲ್ಲಿ ಮನೆ ಬಾಡಿಗೆ, ಇಬ್ಬರು ಮಕ್ಕಳ ಓದು, ತಾಯಿಯ ಔಷಧಿ ಎಷ್ಟು ದಿನ ನಡೆಯುತ್ತದೆ ಹೇಳಿ. ಅರ್ಜಿ ಹಾಕಿದರೆ ಹೆಸರು ಪಟ್ಟಿಗೆ ಸೇರುತ್ತದೆ ಅನ್ನುವ ಹೆದರಿಕೆ ಬೇರೆ. ನಮ್ಮಲ್ಲಿ ಎಷ್ಟೋ ಜನ ಗಾರ್ಮೆಂಟ್ಸಿನಲ್ಲಿ ಹೊಲಿದು, ಅದು ಸಾಲದೆ ಇಲ್ಲಿಗೆ ಬಂದವರು. ಬಿಡುವ ತನಕ ಅವಳ ಬಿಪಿ ಕಾಯಬೇಕಾ? ಇವತ್ತು ಅವಳು ಏನು ಮಾಡುತ್ತಿದ್ದರೂ ಇವತ್ತೇ ಮಾತ್ರೆ ಬೇಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹದಿನೆಂಟು ಆಗದ ಹುಡುಗಿ ನಿನ್ನ ಮುಂದೆ ಬಂದು ಕೂತರೆ, ಅಥವಾ ಯಾರೋ ಹೆದರಿಸಿ ಕೂಡಿಹಾಕಿದ್ದಾರೆ ಅಂತ ಗೊತ್ತಾದರೆ, ಆ ಲೆಕ್ಕವೇ ಬೇರೆ. ಅಲ್ಲಿ ಸುಮ್ಮನಿರಬಾರದು. ಹುಡುಗಿಯಾದರೆ 1098ಕ್ಕೆ ಹೇಳಬೇಕು, ಪೋಕ್ಸೋ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ನಾವು ಫೀಲ್ಡಿನಲ್ಲಿ ಇಂಥ ಹುಡುಗಿಯರನ್ನು ಕಂಡರೆ ನಾವೇ ತಡೆಯುತ್ತಿದ್ದೆವು.

---

ಹುಬ್ಬಳ್ಳಿ_ವಕೀಲ ಉತ್ತರ:

ಮೇಲಿನ ಅಕ್ಕ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಆಸ್ಪತ್ರೆಯಲ್ಲಿ ಕೂತವರಿಗೂ ಇದು ಬೇಕಾಗುತ್ತದೆ.

ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 19ರಂದು ಒಂದು ಮುಖ್ಯ ಆದೇಶ ಕೊಟ್ಟಿದೆ. ಲೈಂಗಿಕ ಕಾರ್ಯಕರ್ತೆಯ ಮೇಲೆ ಲೈಂಗಿಕ ಹಲ್ಲೆ ಆದರೆ ಬೇರೆ ಯಾವ ಹೆಂಗಸಿಗೂ ಸಿಗುವ ಚಿಕಿತ್ಸೆ ಅವಳಿಗೂ ಕೂಡಲೇ ಸಿಗಬೇಕು. ಪೊಲೀಸರು ಮಾತಿನಲ್ಲಾಗಲಿ ಕೈಯಲ್ಲಾಗಲಿ ಹಿಂಸೆ ಕೊಡಬಾರದು. ದಾಳಿಯ ಸುದ್ದಿಯಲ್ಲಿ ಪತ್ರಿಕೆ, ಟಿವಿಯವರು ಗುರುತು ತೋರಿಸಬಾರದು. ಬ್ಯಾಗಿನಲ್ಲಿ ಕಾಂಡೋಮ್ ಇದೆ ಅನ್ನುವುದನ್ನು ಅಪರಾಧದ ಸಾಕ್ಷಿ ಅಂತ ತಗೊಳ್ಳಬಾರದು. ಈ ಕೊನೆಯದನ್ನು ನಿಮ್ಮಲ್ಲಿಗೆ ಬರುವ ಎಲ್ಲರಿಗೂ ಹೇಳಿ. ಕಾಂಡೋಮ್ ಸಿಕ್ಕರೆ ಕೇಸ್ ಹಾಕುತ್ತಾರೆ ಅಂತ ಹೆದರಿ ಖಾಲಿ ಕೈಯಲ್ಲಿ ಹೋಗುವವರು ಈಗಲೂ ಇದ್ದಾರೆ.

1956ರ ಅನೈತಿಕ ಸಾಗಾಟ ತಡೆ ಕಾಯ್ದೆಯಲ್ಲಿ ವಯಸ್ಕ ಹೆಂಗಸು ತನ್ನ ಇಚ್ಛೆಯಿಂದ ಈ ಕೆಲಸ ಮಾಡುವುದೇ ಅಪರಾಧ ಅಂತ ಎಲ್ಲೂ ಇಲ್ಲ. ಬ್ರಾಥೆಲ್ ನಡೆಸುವುದು, ದಲ್ಲಾಳಿತನ, ಬೀದಿಯಲ್ಲಿ ಗಿರಾಕಿ ಕರೆಯುವುದು ಅಪರಾಧ. ಆ ಕಾಯ್ದೆಯ ಒಂದು ಕಲಂ ನನಗೆ ಬಹಳ ಕ್ರೂರ ಅನ್ನಿಸುತ್ತದೆ. ಆ ದುಡಿಮೆಯ ಮೇಲೆ ತಿಳಿದೂ ಬದುಕುವ ಹದಿನೆಂಟು ದಾಟಿದ ಯಾರ ಮೇಲಾದರೂ ಕೇಸ್ ಹಾಕಬಹುದು. ಹಾಸಿಗೆ ಹಿಡಿದ ತಾಯಿ, ಕಾಲೇಜಿಗೆ ಹೋಗುವ ಮಗ, ಯಾರೂ ಅದರಿಂದ ಹೊರಗಿಲ್ಲ. ಮನೆಯವರಿಗೆ ಗೊತ್ತಾಗಬಾರದು ಅಂತ ಇವರು ಒದ್ದಾಡುವುದಕ್ಕೆ ಮಾನವೊಂದೇ ಕಾರಣ ಅಲ್ಲ.

ಆಧಾರ್ ಇಲ್ಲದವರು ಬಂದರೆ ದಾರಿ ಇದೆ. ವಿಳಾಸದ ದಾಖಲೆ ಇಲ್ಲದಿದ್ದರೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯ ಏಡ್ಸ್ ಸೊಸೈಟಿಯ ಯೋಜನಾ ನಿರ್ದೇಶಕರು ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ಮಾಡಿಕೊಡಬೇಕು. ಆಧಾರ್ ನೋಂದಣಿ ಸಂಖ್ಯೆಯಲ್ಲಿ ಅವರ ಕೆಲಸದ ಸುಳಿವು ಕೊಡುವ ಯಾವ ಗುರುತೂ ಇರಬಾರದು ಅಂತಲೂ ಆದೇಶದಲ್ಲಿದೆ. ಇಷ್ಟು ಆದರೆ ರೇಷನ್ ಕಾರ್ಡಿನ ದಾರಿ ಸಲೀಸಾಗುತ್ತದೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರು ಬಂದರೆ ಗೃಹಲಕ್ಷ್ಮಿಯ 2,000 ರೂಪಾಯಿಗೆ ಅರ್ಜಿ ಹಾಕಬಹುದು. ಗಂಡನ ಮನೆಯ ಕಾರ್ಡಿನಲ್ಲಿ ಹೆಸರು ಸಿಕ್ಕಿಕೊಂಡು ಇದು ಯಾವುದೂ ಸಿಗದವರು ಬಹಳ ಜನ. ಮೊದಲು ಅಲ್ಲಿಂದ ಹೆಸರು ತೆಗೆಸಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿ ಪುಕ್ಕಟೆ ನೆರವು ಕೊಡುತ್ತದೆ, 15100ಕ್ಕೆ ಫೋನ್ ಮಾಡಬಹುದು.

ಇನ್ನು ಆ ಸೀಲಿನ ವಿಷಯ. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಪಾಡುವುದನ್ನು ನಿಮ್ಮಂಥ ಕೇಂದ್ರಗಳ ಹೊಣೆ ಮಾಡಿದೆ. ಇದನ್ನು ಹೇಳಿ ವೈದ್ಯಾಧಿಕಾರಿಯನ್ನು ಕೇಳಿದರೆ ಸೀಲ್ ಇಲ್ಲದ ಚೀಟಿ ಮಾಡಿಸಿಕೊಳ್ಳುವುದು ಕಷ್ಟ ಆಗಲಿಕ್ಕಿಲ್ಲ.

---

ಘಟಪ್ರಭಾ_ನೀರು ಉತ್ತರ:

ನಾನು ಬಾಗಲಕೋಟೆ ಕಡೆಯವಳು, ಹಿಂದೆ ಒಂದು ಆರೋಗ್ಯ ಪ್ರಾಜೆಕ್ಟಿನಲ್ಲಿ ಔಟ್‌ರೀಚ್ ಕೆಲಸ ಮಾಡಿದ್ದೇನೆ. ನಮ್ಮ ಭಾಗದ ಸ್ಥಿತಿ ಬೇರೆ. ಇಲ್ಲಿ ಎಷ್ಟೋ ಹೆಂಗಸರು ದೇವದಾಸಿ ಪದ್ಧತಿಯಿಂದ ಬಂದವರು. ಕಾನೂನು 1982ರಲ್ಲೇ ಬಂತು, ಆದರೂ ಚಿಕ್ಕವರಿದ್ದಾಗ ಮುತ್ತು ಕಟ್ಟಿಸಿಕೊಂಡವರು ಈಗಲೂ ಇದ್ದಾರೆ. ಮಹಾರಾಷ್ಟ್ರದ ಸಾಂಗ್ಲಿಗೆ ಹೋಗಿ ದುಡಿಯುವ ಕನ್ನಡದ ಹೆಂಗಸರೂ ಇದ್ದಾರೆ. ಅಲ್ಲಿ ವ್ಯಾಂಪ್ ಅಂತ ಅವರದೇ ಸಂಘಟನೆ ಇದೆ, ಗಟ್ಟಿಯಾಗಿದೆ. ನಿಪ್ಪಾಣಿಯ ತನಕ ಅವರ ಕೆಲಸ ಇದೆ.

ನಾನು ಹೇಳಬೇಕಾದ್ದು ಒಂದೇ. ಆಕೆಯ ಜೊತೆ ಇರುವ ಗಂಡಸಿನ ಬಗ್ಗೆಯೂ ಕೇಳಿ. ಹೊಡೆತ ಅಂದರೆ ನಾವು ಗಿರಾಕಿ, ಪೊಲೀಸ್ ಅಂತ ಯೋಚಿಸುತ್ತೇವೆ. ನಾನು ಫೀಲ್ಡಿನಲ್ಲಿ ಕಂಡ ಮುರಿದ ಕೈ, ಊದಿದ ಕಣ್ಣು ಜಾಸ್ತಿ ಬಂದದ್ದು ಪ್ರೀತಿಯ ಗಂಡಸಿನಿಂದ. ಗಿರಾಕಿಯ ಜೊತೆ ಕಾಂಡೋಮ್ ಇಲ್ಲದೆ ಆಗಲ್ಲ ಅನ್ನುವ ಹೆಂಗಸು ಇವನ ಹತ್ತಿರ ಅದರ ಮಾತೇ ಎತ್ತುವುದಿಲ್ಲ. ಎತ್ತಿದರೆ ಪ್ರೀತಿ ಇಲ್ಲ ಅಂತ ಆಗುತ್ತದೆ. ಬಾಗಲಕೋಟೆಯಲ್ಲಿ ಸಂವೇದನಾ ಪ್ಲಸ್ ಅಂತ ಒಂದು ಕಾರ್ಯಕ್ರಮ ಇದನ್ನೇ ಹಿಡಿದು ನಡೆಯಿತು. ಹೆಂಗಸರ ಜೊತೆ ಮಾತ್ರ ಅಲ್ಲ, ಆ ಗಂಡಸರ ಜೊತೆಗೂ ಕೂತು ಮಾತಾಡಿದರು.

"ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ" ಅಂತ ನೇರ ಕೇಳಿದರೆ ಇಲ್ಲ ಅನ್ನುತ್ತಾರೆ. "ಜಗಳ ಆದಾಗ ಎಲ್ಲಿಗೆ ಹೋಗ್ತೀರಿ" ಅಂತ ಕೇಳಿ. ಉತ್ತರ ಸಿಗುತ್ತದೆ.

---

ಹೇಮಾವತಿ_ದಡ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ, ನೀವು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಡಿಐಸಿ ಹೋಗಿ ನೋಡಿದೆ. ಚಾಪೆ ಇದ್ದವು, ಮೂಲೆಯಲ್ಲಿ ಸುತ್ತಿ ಇಟ್ಟಿದ್ದರು, ಮೇಲೆ ಹಳೆಯ ರಿಜಿಸ್ಟರ್‌ಗಳು. ಅಲ್ಲಿನ ಮೇಡಂ ಹತ್ತಿರ ಮಾತಾಡಿದೆ. ಹಿಂದಿನ ರೂಮು ಖಾಲಿ ಮಾಡಿಸುತ್ತೇನೆ ಅಂದಿದ್ದಾರೆ.

ನಮ್ಮ ಡಾಕ್ಟರ್ ಗುರುವಾರ ಮಧ್ಯಾಹ್ನ 2ರಿಂದ 3ರ ತನಕ ನೋಡಲು ಒಪ್ಪಿದ್ದಾರೆ. ಸೀಲ್ ಇಲ್ಲದ ಚೀಟಿಗೂ ಹೂಂ ಅಂದರು. ಈಗ ಎರಡು ಪ್ರಶ್ನೆ. ಆಕೆಯ ನಂಬರ್ ನನ್ನ ರಿಜಿಸ್ಟರಿನಲ್ಲಿ ಇದೆ, ನಾನೇ ಫೋನ್ ಮಾಡಿ ಕರೆಯಬಹುದಾ? ಮತ್ತೆ, ಯಾರಾದರೂ ಹಲ್ಲೆಗೆ ಸಿಕ್ಕು ಬಂದರೆ ಮೊದಲು ಏನು ಮಾಡಬೇಕು? ಇಲ್ಲಿಯ ತನಕ ಅಂಥವರು ಬಂದಿಲ್ಲ, ಆದರೆ ತಿಳಿದಿರಬೇಕು.

---

ದೊಡ್ಡಗಡಿಯಾರ_ಮೈಸೂರು ಉತ್ತರ:

ಆ ರೂಮಿನ ಸುದ್ದಿ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು ತಂಗಿ.

ಫೋನ್ ಮಾಡಬೇಡ. ಮಗ ಎತ್ತಿದರೆ ನೀನು ಏನು ಹೇಳುತ್ತೀಯ? ವಾಟ್ಸಾಪ್‌ನಲ್ಲೂ ಕಳಿಸಬೇಡ. ಆಕೆಯನ್ನು ಕರೆತಂದ ಪೀರ್ ಇದ್ದಾಳಲ್ಲ, ಅವಳ ಕೈಲಿ ಹೇಳಿಸು. ಮುಂದೆ ಆಕೆ ಬಂದಾಗ ಕೇಳಿಕೋ, "ನಾನು ಫೋನ್ ಮಾಡಬಹುದಾ, ಯಾವ ಹೊತ್ತಿಗೆ, ಯಾರು ಅಂತ ಹೇಳಲಿ" ಅಂತ. ಆಕೆ ಒಂದು ಹೆಸರು ಕೊಡುತ್ತಾಳೆ. ಗಾರ್ಮೆಂಟ್ಸ್ ಸೂಪರ್‌ವೈಸರ್ ಅನ್ನು ಅನ್ನಬಹುದು, ಚೀಟಿ ಫಂಡಿನವಳು ಅನ್ನು ಅನ್ನಬಹುದು. ಅದನ್ನೇ ಹೇಳು.

ಮಾತ್ರೆಯನ್ನು ಒಂದು ತಿಂಗಳಿಗೆ ಆಗುವಷ್ಟು ಒಟ್ಟಿಗೆ ಕೊಡಿಸು. ವಾರ ವಾರ ಬಾ ಅಂದರೆ ಬರಲ್ಲ. ಬಿಪಿ ಮಾತ್ರೆ ಮನೆಯಲ್ಲಿ ಎಲ್ಲರ ಎದುರಿಗೇ ನುಂಗಬಹುದು, ಅದರಲ್ಲಿ ಮುಚ್ಚುಮರೆ ಬೇಕಿಲ್ಲ ಅಂತಲೂ ಹೇಳು. ನಮ್ಮವರು ಎಲ್ಲ ಮಾತ್ರೆಯನ್ನೂ ಬಚ್ಚಿಟ್ಟು ನುಂಗುತ್ತಾರೆ, ಆಮೇಲೆ ಮರೆಯುತ್ತಾರೆ.

ಹಲ್ಲೆಗೆ ಸಿಕ್ಕು ಬಂದವಳನ್ನು ಕ್ಯೂನಲ್ಲಿ ನಿಲ್ಲಿಸಬೇಡ. ಒಳಗೆ ಕರೆದು ಕೂರಿಸು, ನೀರು ಕೊಡು, ಬಾಗಿಲು ಹಾಕು. ಪೊಲೀಸ್ ದೂರು ಇದ್ದರೆ ಮಾತ್ರ ನೋಡುತ್ತೇವೆ ಅಂತ ಯಾರಾದರೂ ಅಂದರೆ ಒಪ್ಪಬೇಡ. ಸರ್ಕಾರಿಯಾಗಲಿ ಪ್ರೈವೇಟಾಗಲಿ, ಮೊದಲು ಚಿಕಿತ್ಸೆ ಪುಕ್ಕಟೆ ಕೊಡಲೇಬೇಕು ಅಂತ ಕಾನೂನಿದೆ. ಎಚ್‌ಐವಿ ತಡೆಯುವ ಪೆಪ್ ಮಾತ್ರೆ 72 ಗಂಟೆಯ ಒಳಗೆ ಶುರುವಾಗಬೇಕು. ಬೇಗ ಆದಷ್ಟೂ ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ಬಸುರಿ ಆಗದ ಹಾಗೆ ಕೊಡುವ ಮಾತ್ರೆಯೂ 72 ಗಂಟೆಯ ಒಳಗೆ. ಆಪರೇಷನ್ ಆಗಿದೆಯಾ ಅಂತ ಮೊದಲು ಕೇಳಿಕೋ. ಸ್ನಾನ ಮಾಡುವ ಮುಂಚೆ, ಬಟ್ಟೆ ಬದಲಾಯಿಸುವ ಮುಂಚೆ ಡಾಕ್ಟರ್ ನೋಡಿದರೆ ಸಾಕ್ಷಿ ಉಳಿಯುತ್ತದೆ, ಅದನ್ನು ಮೆಲ್ಲಗೆ ಹೇಳು. ದೂರು ಕೊಡುವುದು ಬಿಡುವುದು ಅವಳ ಇಷ್ಟ. ಕೊಡುತ್ತೇನೆ ಅಂದರೆ ವಕೀಲರು ಹೇಳಿದ 15100 ಇದೆ, ಜೊತೆಗೆ ಒಬ್ಬ ಪೀರ್ ಹೋಗಲಿ. ಒಂಟಿಯಾಗಿ ಸ್ಟೇಷನ್ನಿಗೆ ಕಳಿಸಬೇಡ.

ಪೆಪ್ ನಿಮ್ಮ ಆಸ್ಪತ್ರೆಯಲ್ಲಿ ಎಲ್ಲಿ ಇಟ್ಟಿದ್ದಾರೆ, ರಾತ್ರಿ ಬೀರುವಿನ ಬೀಗ ಯಾರ ಹತ್ತಿರ ಇರುತ್ತದೆ ಅಂತ ನಾಳೆಯೇ ಕೇಳಿಕೊಂಡು ಬಾ.